ಸೇಡವ್ವನ ಹಿಂದಿನ ಸೀಟು

ಹೋದ ತಿಂಗಳು ರಾಣೆಬೆನ್ನೂರಿನಲ್ಲಿ ನನ್ನ ಸ್ಕೂಟರು ಕೈಕೊಟ್ಟಿತು. ಕೈಕೊಟ್ಟದ್ದು ಒಂದು ಗ್ಯಾರೇಜಿನ ಎದುರಿಗೇ ಆದ್ದರಿಂದ ಅದಕ್ಕೆ ಇನ್ನೂ ಸ್ವಲ್ಪ ದಾಕ್ಷಿಣ್ಯ ಉಳಿದಿದೆ ಎಂದುಕೊಂಡೆ. ಮೆಕ್ಯಾನಿಕ್ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು ಹಾಕಿ, "ಕುಂದರ್ರಿ ಮೇಡಮ್, ಲಗೂನ ಆಗ್ತೈತಿ" ಎಂದ. ನಮ್ಮ ಕಡೆ 'ಲಗೂನ' ಎಂಬ ಮಾತಿಗೆ ಅರ್ಧ ತಾಸಿನಿಂದ ಅರ್ಧ ದಿನದವರೆಗೆ ಯಾವ ಅರ್ಥವಾದರೂ ಇರಬಹುದು. ಕುಳಿತೆ. ಆತ ಕೆಳಗಿನ ಬೋಲ್ಟು ಬಿಚ್ಚಿ ಹಳೆಯ ಎಣ್ಣೆಯನ್ನು ಒಂದು ತಗಡಿನ ಡಬ್ಬಿಗೆ ಇಳಿಸಿದ. ಬಿಸಿಯಾದ, ಕಪ್ಪಾದ, ಸುಟ್ಟ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ನಿಮಗೆ ಅದು ಗ್ಯಾರೇಜಿನ ವಾಸನೆ ಅನ್ನಿಸೀತು. ನನಗೆ ಅದು ನನ್ನ ಮಾವನವರ ವಾಸನೆ.

ಉಳಿದ ಸೊಸೆಯಂದಿರಿಗೆ ಮಾವ ಎಂದರೆ ವಿಭೂತಿ, ನಶ್ಯ, ಎಲೆಯಡಿಕೆ ಹೀಗೆ ಏನಾದರೂ ಸಾತ್ವಿಕವಾದದ್ದು ನೆನಪಾಗುತ್ತದೆ. ನನ್ನ ಮಾವನವರು ದಿನಾ ಸ್ನಾನ ಮಾಡುತ್ತಿದ್ದರು, ವಿಭೂತಿಯನ್ನೂ ಹಚ್ಚುತ್ತಿದ್ದರು. ಆದರೆ ಅವರ ಚರ್ಮದೊಳಗೆ ಇಳಿದಿದ್ದ ಎಣ್ಣೆಯನ್ನು ಯಾವ ಸಾಬೂನೂ ತೆಗೆಯಲಿಲ್ಲ. ಮೆಣಸಿನಕಾಯಿ ಸುಗ್ಗಿಯಲ್ಲಿ ಇಡೀ ಬ್ಯಾಡಗಿಯೇ ಸೀನುತ್ತ ಓಡಾಡುವಾಗ ಅವರೊಬ್ಬರೇ ಸೀನದೆ ಇರುತ್ತಿದ್ದರು. "ನನ್ನ ಮೂಗಿನಾಗ ಜಾಗಾ ಇಲ್ಲವಾ, ಮದಲಽ ತುಂಬೈತಿ" ಎನ್ನುತ್ತಿದ್ದರು.

ಊರಲ್ಲಿ ಅವರದು ಆಯಿಲ್ ಎಂಜಿನ್ ರಿಪೇರಿ ಅಂಗಡಿ. ಸುತ್ತಲ ಹಳ್ಳಿಗಳ ಬಾವಿಯ ಪಂಪುಗಳು ಕೆಟ್ಟರೆ ಅವರಲ್ಲಿಗೇ ಬರಬೇಕು. ಆದರೆ ಅಂಗಡಿಯಿಂದ ಅವರಿಗೆ ಹೆಸರು ಬಂದಿರಲಿಲ್ಲ. ಹೆಸರು ಬಂದದ್ದು ಯುದ್ಧದಿಂದ. ಇಂಗ್ಲಿಷರ ಕಾಲದ ಆ ದೊಡ್ಡ ಯುದ್ಧದಲ್ಲಿ ಅವರು ವಾಯುಪಡೆ ಸೇರಿ, ಬರ್ಮಾ ಗಡಿಯ ಕಡೆ ವಿಮಾನಗಳ ಎಂಜಿನ್ ಫಿಟ್ಟರ್ ಆಗಿದ್ದರು. ಅದಕ್ಕೇ ಊರವರು ಅವರನ್ನು 'ಇಮಾನದ ಬಸಪ್ಪ' ಎಂದು ಕರೆಯುತ್ತಿದ್ದರು. ಪಕ್ಕದ ಅಂಗಡಿಯ ಖಾದರಸಾಬರು ಇದನ್ನು ಕೇಳಿದಾಗಲೆಲ್ಲ, "ನಮ್ಮ ಉರ್ದುದಾಗ ಇಮಾನ್ ಅಂದ್ರ ನಂಬಿಕಿ. ಬಸಪ್ಪ ಯಾವುದರ ಮ್ಯಾಲೂ ನಂಬಿಕಿ ಇಡದ ಮನಶ್ಯಾ. ಹೆಸರು ತಪ್ಪೈತಿ" ಎಂದು ನಗುತ್ತಿದ್ದರು.

ಖಾದರಸಾಬರು ಹೇಳಿದ್ದು ಸುಳ್ಳಲ್ಲ. ನಾನು ಮದುವೆಯಾಗಿ ಬ್ಯಾಡಗಿಗೆ ಬಂದಾಗ ತವರಿನಿಂದ ತಂದ ಸಾಮಾನಿನಲ್ಲಿ ಒಂದು ಪ್ರೆಶರ್ ಕುಕ್ಕರ್ ಇತ್ತು. ಆ ಮನೆಗೆ ಅದೇ ಮೊದಲ ಕುಕ್ಕರು, ನಾನೇ ಮೊದಲ ಸೊಸೆ. ಮಾವನವರು ನನ್ನನ್ನು ಅಷ್ಟಾಗಿ ಪರೀಕ್ಷಿಸಲಿಲ್ಲ. ಕುಕ್ಕರನ್ನು ಮಾತ್ರ ಕಿಟಕಿಯ ಬೆಳಕಿಗೆ ಹಿಡಿದು, ಮುಚ್ಚಳ ತಿರುಗಿಸಿ, ಒಳಗಿನ ರಬ್ಬರನ್ನು ಮೂಸಿ ನೋಡಿ, "ಇದಕ್ಕ ಯಾರ ಸಹಿ ಐತಿ?" ಎಂದು ಕೇಳಿದರು. ಕುಕ್ಕರಿಗೆ ಸಹಿ ಇರುವುದಿಲ್ಲ ಎಂದೆ. ಮೊದಲ ದಿನ ಅದನ್ನು ಒಲೆಗೆ ಏರಿಸಿದಾಗ ಅತ್ತೆಯನ್ನೂ ನನ್ನನ್ನೂ ಅಂಗಳಕ್ಕೆ ಕರೆದು ನಿಲ್ಲಿಸಿದರು. ಅದು ಕೂಗಿತು. ನಾನು ಒಳಗೆ ಹೋಗಹೊರಟಾಗ, "ಕೂಗಿದ್ರ ಚಿಂತಿಲ್ಲವಾ. ಕೂಗೂ ಹೊತ್ತಿನ್ಯಾಗ ಸುಮ್ಮನಾತಂದ್ರ ಓಡಬೇಕು" ಎಂದರು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, "ಅದ ಸೇಡವ್ವನ ಕಾಟ. ಇವರಿಗೆ ಜಗತ್ತಿನ ಎಲ್ಲಾ ಸಾಮಾನಿನ ಒಳಗೂ ಅಕೀನ ಕಾಣ್ತಾಳ" ಎಂದರು.

ಹೀಗೆ ನನಗೆ ಸೇಡವ್ವನ ಪರಿಚಯವಾಯಿತು.

ಸೇಡವ್ವ ಒಂದು ಬಾಂಬರ್ ವಿಮಾನ. ಅಮೆರಿಕದಲ್ಲಿ ಮಾಡಿದ್ದು. ಅದರ ಇಂಗ್ಲಿಷ್ ಹೆಸರು ವೆಂಜನ್ಸ್, ಅಂದರೆ ಸೇಡು. ದ್ಯಾಮವ್ವ, ದುರಗವ್ವರ ಊರಿನಿಂದ ಹೋದ ಹುಡುಗನ ಬಾಯಲ್ಲಿ ಅದು ಸೇಡವ್ವ ಆಯಿತು. ಆಕೆಯ ಚರಿತ್ರೆಯನ್ನು ಮಾವನವರು ವರ್ಷಾನುಗಟ್ಟಲೆ ತುಣುಕು ತುಣುಕಾಗಿ ಹೇಳಿದರು. ಯಾವ ಕ್ರಮವೂ ಇರಲಿಲ್ಲ. ಅನ್ನ ಸೀದ ದಿನ ಒಂದು, ಕರೆಂಟು ಹೋದ ದಿನ ಇನ್ನೊಂದು.

ಆಕೆಯನ್ನು ಮೊದಲು ಹೇಳಿ ಮಾಡಿಸಿದವರು ಫ್ರೆಂಚರಂತೆ. ವಿಮಾನ ತಯಾರಾಗುವ ಹೊತ್ತಿಗೆ ಅವರ ದೇಶವೇ ಬಿದ್ದುಹೋಯಿತು. ಆಮೇಲೆ ಇಂಗ್ಲಿಷರು ತೆಗೆದುಕೊಂಡರು. ತೆಗೆದುಕೊಂಡ ಮೇಲೆ, ತಮ್ಮ ಕಡೆಯ ಯುದ್ಧಕ್ಕೆ ಇದು ಬೇಡ ಅನ್ನಿಸಿತು. ಬೇಡವಾದದ್ದನ್ನು ಕಳಿಸಲು ಒಂದು ದೇಶ ಇತ್ತಲ್ಲ. ಹಡಗಿನಲ್ಲಿ ಪೆಟ್ಟಿಗೆ ತುಂಬಿ ಹಿಂದುಸ್ತಾನಕ್ಕೆ ಕಳಿಸಿದರು. "ಎರಡು ಮನಿ ಬ್ಯಾಡಂದ ಹೆಣ್ಣು ನಮ್ಮ ಮನಿಗೆ ಬಂತು" ಎಂದು ಮಾವನವರು ಹೇಳಿದರೆ, ಅತ್ತೆ ನನ್ನ ಕಡೆ ಒಮ್ಮೆ ನೋಡುತ್ತಿದ್ದರು. ನನ್ನನ್ನು ನೋಡಿ ಬೇಡವೆಂದು ಹೋದ ಗಂಡುಗಳೂ ಎರಡೇ. ಕಾಕತಾಳೀಯ.

ಆಕೆಯ ಕೆಲಸ ವಿಚಿತ್ರ. ಗುರಿಯ ಮೇಲಕ್ಕೆ ಹೋಗಿ, ಮೂಗು ಕೆಳಗೆ ಮಾಡಿ, ನೆಟ್ಟಗೆ ನೆಲದ ಕಡೆ ಧುಮುಕಬೇಕು, ಬಾಂಬು ಬಿಡಬೇಕು, ನೆಲ ತಾಗುವ ಮೊದಲು ಮೇಲೇಳಬೇಕು. ಈ ಧುಮುಕುವ ಕೆಲಸದಲ್ಲಿ ಆಕೆಯನ್ನು ಮೀರಿಸುವವರಿರಲಿಲ್ಲವಂತೆ. "ನೆಟ್ಟಗ ಹಾರಂದ್ರ ಮಾರಿ ಮ್ಯಾಲ ಮಾಡಿಕೊಂಡು ಹಾರಾಕಿ. ಬೀಳಂದ್ರ ಭಾವಿಗೆ ಕೊಡ ಬಿದ್ದಂಗ ಬೀಳಾಕಿ. ಬೀಳೂದ್ರಾಗ ಭಾಳ ಶಾಣ್ಯಾಕಿ" ಎನ್ನುತ್ತಿದ್ದರು. ತೊಂದರೆ ಏನೆಂದರೆ ಬೀಳು ಎಂದು ಯಾರೂ ಹೇಳದಾಗಲೂ ಆಕೆ ಬೀಳುತ್ತಿದ್ದಳು. ಎಂಜಿನ್ನು ಎಣ್ಣೆ ಕುಡಿಯುತ್ತಿತ್ತು, ಕುಡಿದದ್ದನ್ನು ಪೈಲಟ್ಟಿನ ಎದುರಿನ ಗಾಜಿಗೆ ಉಗುಳುತ್ತಿತ್ತು. ನಮ್ಮ ಧೂಳು, ನಮ್ಮ ಬಿಸಿಲು ಆಕೆಗೆ ಆಗುತ್ತಿರಲಿಲ್ಲ. ನೆಲ ಬಿಟ್ಟು ಏಳುವಾಗ ಎಂಜಿನ್ನು ನಿಲ್ಲುವುದು, ಇಳಿಯುವಾಗ ಉದ್ದನೆಯ ಮೂಗು ಅಡ್ಡ ಬಂದು ಪೈಲಟ್ಟಿಗೆ ರನ್‌ವೇಯೇ ಕಾಣದಿರುವುದು, ಹೀಗೆ ನಡೆದೇ ಇತ್ತು. "ದ್ಯಾಮವ್ವ ಕೋಣ ಬೇಡ್ತಾಳ, ಇಕಿ ಹುಡುಗರನ್ನ ಬೇಡಾಕಿ. ಇಪ್ಪತ್ತು, ಇಪ್ಪತ್ತೊಂದರ ಹುಡುಗರು" ಎಂದು ಹೇಳುವಾಗ ಮಾತ್ರ ಅವರ ದನಿಯಲ್ಲಿ ತಮಾಷೆ ಇರುತ್ತಿರಲಿಲ್ಲ.

ಅಂಗಡಿಯ ಕಟ್ಟೆಯ ಮೇಲೆ ಕುಳಿತವರು ತಪ್ಪದೆ ಒಂದು ಪ್ರಶ್ನೆ ಕೇಳುತ್ತಿದ್ದರು. "ಜಪಾನದವರು ನಿಮ್ಮ ಇಮಾನ ಎಷ್ಟು ಕೆಡವಿದ್ರು, ಬಸಪ್ಪಣ್ಣ?"

"ನಾ ಇದ್ದಲ್ಲಿ ಅವರ ಪಾಳಿ ಬರಲಿಲ್ಲ" ಎಂಬುದು ಉತ್ತರ.

ಅವರ ತುಕಡಿಯಲ್ಲಿ ಒಂದು ಪದ್ಧತಿ ಇತ್ತಂತೆ. ಎಂಜಿನ್ ರಿಪೇರಿ ಮಾಡಿ 'ಸರಿ ಇದೆ' ಎಂದು ಸಹಿ ಹಾಕಿದ ಫಿಟ್ಟರ್, ಆ ವಿಮಾನ ಮೊದಲ ಸಲ ಹಾರುವಾಗ ಹಿಂದಿನ ಸೀಟಿನಲ್ಲಿ ಕೂರಬೇಕು. ಯಾವನೋ ಜಾಣ ಅಧಿಕಾರಿ ತಂದ ಕ್ರಮ. ಅದು ಬಂದ ಮೇಲೆ ಫಿಟ್ಟರುಗಳ ಕೆಲಸ ತಟ್ಟನೆ ಸುಧಾರಿಸಿತಂತೆ. ಮಾವನವರು ಯುದ್ಧದಿಂದ ತಂದದ್ದು ಇದೊಂದೇ: ಬೋಲ್ಟು ಬಿಗಿ ಮಾಡಿದವನು ಹಿಂದೆ ಕೂರಬೇಕು. ಬಾವಿಯ ಪಂಪು ರಿಪೇರಿ ಮಾಡಿದರೆ ಅದರ ಪಕ್ಕ ಕೂತು, ಮೊದಲ ನೀರು ಬಂದು, ಆ ನೀರನ್ನು ಕುಡಿದೇ ಏಳುತ್ತಿದ್ದರು.

ನನಗೆ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತು. ಬಸ್ಸು ಬೆಳಗ್ಗೆ ಬಹಳ ಬೇಗ ಹೋಗುತ್ತಿತ್ತು, ಸಂಜೆ ಬಹಳ ತಡವಾಗಿ ಬರುತ್ತಿತ್ತು. ಒಂದು ಲೂನಾ ಮೊಪೆಡ್ಡು ಕೊಳ್ಳುತ್ತೇನೆ ಎಂದೆ. ನಮ್ಮವರು, ಅಂದರೆ ನನ್ನ ಯಜಮಾನರು, ಹಾವೇರಿಯ ಕಚೇರಿಯೊಂದರಲ್ಲಿ ಗುಮಾಸ್ತರು. ಯಾವ ವಿಷಯಕ್ಕೂ ಮೇಲಿನವರ ಒಪ್ಪಿಗೆ ಬೇಕೆನ್ನುವವರು. "ಅಪ್ಪನ ಕೇಳು" ಎಂದರು. ಅತ್ತೆ, "ಈ ಮನ್ಯಾಗ ಹೆಣ್ಮಕ್ಕಳು ಗಾಡಿ ಹೊಡದಿಲ್ಲ" ಎಂದರು. ಕುಕ್ಕರಿಗೇ ಹೆದರಿದವರು ಲೂನಾ ಒಪ್ಪುತ್ತಾರೆಯೇ? ನೌಕರಿ ಬಿಡುವುದೇ ಸೈ ಎಂದು ನಾನು ಮನಸ್ಸಿನಲ್ಲೇ ಶಾಲೆಗೆ ರಾಜೀನಾಮೆ ಕೊಟ್ಟಾಗಿತ್ತು.

ಮಾವನವರು ಬೇಡ ಎನ್ನಲಿಲ್ಲ. ಹೊಸ ಲೂನಾ ಬಂದ ದಿನ ಪಡಸಾಲೆಯಲ್ಲಿ ಹಳೆಯ ಚಾದರ ಹಾಸಿ, ಅದರ ಮೇಲೆ ಆ ಗಾಡಿಯ ಒಂದೊಂದೇ ಭಾಗ ಬಿಚ್ಚಿ ಸಾಲಾಗಿ ಇಟ್ಟರು. ಹೊಚ್ಚಹೊಸ ಗಾಡಿ ಕೈಲಾಸವಾಸಿಯಾದದ್ದನ್ನು ನೋಡಿ ನನಗೆ ಅಳುವೇ ಬಂತು. ಮರುದಿನ ಮಧ್ಯಾಹ್ನಕ್ಕೆ ಮತ್ತೆ ಜೋಡಿಸಿದ್ದರು. ಒಂದು ಸ್ಕ್ರೂ ಉಳಿದಿತ್ತು. "ಇದು ಬ್ಯಾಡಾಗಿತ್ತು, ಕಂಪನಿಯವರು ಸುಮ್ಮನ ಹಾಕ್ಯಾರ" ಎಂದು ಜೇಬಿಗೆ ಹಾಕಿಕೊಂಡರು. ಆಮೇಲೆ ಧೋತರ ಮೇಲೆ ಕಟ್ಟಿ, ಹಿಂದಿನ ಸೀಟಿನ ಮೇಲೆ ಕುಳಿತು, "ನಡಿಯವಾ" ಎಂದರು. ಸೊಸೆ ಮುಂದೆ, ಮಾವ ಹಿಂದೆ. ಬ್ಯಾಡಗಿಯ ಪೇಟೆಯ ನಡುವೆ ಹೋದೆವು. ಜನ ಮೆಣಸಿನಕಾಯಿ ತೂಗುವುದನ್ನು ಬಿಟ್ಟು ನಿಂತು ನೋಡಿದರು. ನಾನು ತಲೆ ಬಗ್ಗಿಸಿ ಓಡಿಸಿದ್ದರಿಂದ ಒಂದು ಎಮ್ಮೆಗೆ ಗುದ್ದುವುದರಲ್ಲಿದ್ದೆ. ಶಾಲೆಯವರೆಗೂ ಬಂದು, ವಾಪಸು ಮನೆಗೆ ಬಂದು ಇಳಿದು, ಅತ್ತೆಗೆ, "ಗಾಡಿ ಚೊಲೋ ಐತಿ. ಹೊಡ್ಯಾಕಿನೂ ಚೊಲೋ ಅದಾಳ" ಎಂದರು. ನನ್ನ ನೌಕರಿ ಉಳಿಯಿತು.

ಸೇಡವ್ವನ ಕಥೆಗಳಲ್ಲೆಲ್ಲ ದೊಡ್ಡದು ಅವರೇ ಬಿದ್ದ ಕಥೆ. ಅದನ್ನು ಅವರು ಸದಾ ಒಂದೇ ರೀತಿ ಹೇಳುತ್ತಿದ್ದರು. ಒಂದು ಬೆಳಗ್ಗೆ ರಿಪೇರಿಯಾದ ವಿಮಾನದ ಪರೀಕ್ಷೆ. ಮುಂದೆ ಪೈಲಟ್ ಇನಾಮದಾರ ಸಾಹೇಬರು. ಬೆಳಗಾವಿಯ ಕಡೆಯವರು, ಕನ್ನಡ ಬಲ್ಲವರು, ಆದ್ದರಿಂದ ಮಾವನವರ ಜೊತೆ ಅವರಿಗೆ ಸಲಿಗೆ. (ಇನಾಮದಾರ ಎಂಬುದು ಅವರ ನಿಜವಾದ ಹೆಸರಲ್ಲ. ನಾನೇ ಇಟ್ಟದ್ದು. ಯಾಕೆಂಬುದು ಮುಂದೆ ನಿಮಗೇ ತಿಳಿಯುತ್ತದೆ.) ಹಿಂದಿನ ಸೀಟಿನಲ್ಲಿ ಮಾವನವರು. ಆ ಸೀಟು ಬಾಲದ ಕಡೆ ಮುಖ ಮಾಡಿರುತ್ತದೆ. ಎಲ್ಲಿಗೆ ಹೋಗುತ್ತಿದ್ದೇವೆ ಎಂಬುದು ಕಾಣುವುದಿಲ್ಲ, ಎಲ್ಲಿಂದ ಬಂದೆವು ಎಂಬುದಷ್ಟೇ ಕಾಣುತ್ತದೆ. ನೆಲ ಬಿಟ್ಟು ಎದ್ದರು. ಮರಗಳು ಕಾಲಕೆಳಗೆ ಹೋದವು. ಆಗ ಎಂಜಿನ್ನು ನಿಂತುಹೋಯಿತು.

"ಅಷ್ಟು ಗದ್ದಲದ ನಡುವ ಒಮ್ಮಿಗೇ ಗಪ್ಪಾತು. ಗಾಳಿ ಸುಂಯ್ ಅನ್ನೂದು ಕೇಳಾಕತ್ತು. ನಾ ಹಿಂದ ನೋಡಾಕತ್ತೇನಿ, ಬಿಟ್ಟು ಬಂದ ರನ್‌ವೇ ಕಾಣಸ್ತೈತಿ. ತಿರಿಗಿ ಹೋಗೂಣು ಅಂತ ಯಾವ ಹುಡುಗನೂ ತಿರಿಗಿಸ್ತಾನ. ತಿರಿಗಿಸಿದವರೆಲ್ಲಾ ಸತ್ತಾರ. ಇನಾಮದಾರ ತಿರಿಗಿಸಲಿಲ್ಲ. ನೆಟ್ಟಗ ಮುಂದ ಒಯ್ದು ಭತ್ತದ ಗದ್ಯಾಗ ಹೊಟ್ಟಿ ಮ್ಯಾಲ ಇಳಿಸಿಬಿಟ್ಟ."

ಗದ್ದೆಯ ಬದುವಿಗೆ ಬಡಿದು ನಿಂತಿತು. ಮಾವನವರ ಮುಂದಿನ ಹಲ್ಲುಗಳು ಹೋದವು. ಪೈಲಟ್ಟಿನ ಹಣೆ ಒಡೆದು ಎಚ್ಚರ ತಪ್ಪಿತ್ತು, ಒಂದು ಕಾಲು ಮುರಿದಿತ್ತು. ಮಾವನವರು ಅವರನ್ನು ಎಳೆದು ಹೊರಗೆ ಹಾಕಿದರು. ವಿಚಾರಣೆ ನಡೆಯಿತು. ಎಂಜಿನ್ನು ಬಿಚ್ಚಿ ನೋಡಿದರು. ಖಚಿತವಾದ ದೋಷ ಏನೂ ಸಿಗಲಿಲ್ಲ. ಆದರೆ ಸೇಡವ್ವನ ಎಂಜಿನ್ನಿನಲ್ಲಿ ದೋಷ ಸಿಗಲಿಲ್ಲ ಎಂದರೆ ಹುಡುಕಿದವನೇ ದಡ್ಡ ಎಂದು ಎಲ್ಲರಿಗೂ ಗೊತ್ತಿತ್ತು. ಎಂಜಿನ್ನೇ ಕೆಟ್ಟಿತ್ತು ಎಂದು ತೀರ್ಮಾನವಾಯಿತು. ಅಷ್ಟು ಚೆನ್ನಾಗಿ ಇಳಿಸಿದ್ದಕ್ಕೆ ಪೈಲಟ್ಟಿಗೆ ಶಾಬಾಸ್ ಸಿಕ್ಕಿತು. ಎಂಜಿನ್ನಿಗೆ ಸಹಿ ಹಾಕಿದ್ದ ಫಿಟ್ಟರಿನ ತೋಳಿನ ಮೇಲಿದ್ದ ಬಡ್ತಿಯ ಪಟ್ಟಿಯನ್ನು ಕಿತ್ತರು. "ನನ್ನ ಹಲ್ಲೂ ತಿಂದ್ಲು, ಪಟ್ಟೀನೂ ತಿಂದ್ಲು ಸೇಡವ್ವ" ಎಂದು ಮಾವನವರು ಕಟ್ಟಿದ ಹಲ್ಲು ತೋರಿಸಿ ಕಥೆ ಮುಗಿಸುತ್ತಿದ್ದರು.

ಮುಂದೆ ಆ ವಿಮಾನಗಳನ್ನು ಯುದ್ಧದಿಂದಲೇ ಹಿಂದಕ್ಕೆ ಕರೆದರು. ಸೇಡು ಎಂದು ಹೆಸರಿಟ್ಟುಕೊಂಡವಳನ್ನು, ಹಿಂದೆ ಒಂದು ಬಟ್ಟೆ ಕಟ್ಟಿ, ಉಳಿದವರು ಗುಂಡು ಹೊಡೆಯುವುದನ್ನು ಕಲಿಯಲೆಂದು ಅದನ್ನು ಎಳೆದುಕೊಂಡು ತಿರುಗಲು ಹಚ್ಚಿದರು. ಎಲ್ಲೋ ಒಂದು ಕಡೆ ಸೊಳ್ಳೆ ಔಷಧಿ ಸಿಂಪಡಿಸಲೂ ಹಚ್ಚಿದ್ದರಂತೆ. ಉಳಿದವು ಗುಜರಿಗೆ ಹೋದವು. ಯುದ್ಧ ಮುಗಿದ ಮೇಲೆ ಪೇಟೆಗೆ ಬಂದ ಅಗ್ಗದ ಅಲ್ಯುಮಿನಿಯಂ ಪಾತ್ರೆಗಳೆಲ್ಲ ಅವಳ ಮೈಯೇ ಎಂದು ಮಾವನವರ ಗಟ್ಟಿ ನಂಬಿಕೆ. ಅನ್ನದ ತಳ ಹತ್ತಿದರೆ ಅಡುಗೆ ಮಾಡಿದವರನ್ನು ಬೈಯುತ್ತಿರಲಿಲ್ಲ. ಬೋಗುಣಿಯ ಕಡೆ ನೋಡಿ, "ಇನ್ನೂ ಬುದ್ಧಿ ಬಂದಿಲ್ಲ" ಎನ್ನುತ್ತಿದ್ದರು. ಸೊಸೆಯಾಗಿ ಇದರಿಂದ ನನಗೆ ಆದ ಲಾಭ ಸಣ್ಣದಲ್ಲ.

ಒಂದು ದಿನ ಕಾರ್ಡು ಬಂತು. ಇನಾಮದಾರ ಸಾಹೇಬರು ಬೆಳಗಾವಿಯಿಂದ ಬೆಂಗಳೂರಿಗೆ ಹೊರಟಿದ್ದಾರೆ, ದಾರಿಯಲ್ಲಿ ಬ್ಯಾಡಗಿಯಲ್ಲಿ ಇಳಿದು, ಉಂಡು, ಸಂಜೆಯ ರೈಲುಗಾಡಿಗೆ ಮುಂದೆ ಹೋಗುತ್ತಾರೆ. ಯುದ್ಧ ಮುಗಿದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿರಲಿಲ್ಲ. ಅತ್ತೆ ಹೋಳಿಗೆ ಮಾಡಿದರು. ಮಾವನವರು ಇಸ್ತ್ರಿ ಮಾಡಿದ ಅಂಗಿ ಹಾಕಿ, ಬಾಗಿಲಿಗೂ ಒಲೆಗೂ ಓಡಾಡಿ ಎಲ್ಲರ ಕಾಲಿಗೂ ತೊಡರಿದರು.

ಸಾಹೇಬರು ಟಾಂಗಾದಲ್ಲಿ ಬಂದು ಇಳಿದರು. ಎತ್ತರದ ಆಳು, ಬಿಳಿ ಮೀಸೆ, ಕೈಯಲ್ಲಿ ಕೋಲು, ಹಣೆಯ ಮೇಲೆ ಹಳೆಯ ಗಾಯದ ಗೆರೆ. ಎಡಗಾಲು ಎಳೆಯುತ್ತಿತ್ತು. "ಅರೆ ಬಸಪ್ಪಾ, ಹಲ್ಲು ಕಟ್ಟಿಸಿಕೊಂಡೀ" ಎಂದರು. ಅದೇ ಅವರ ಮೊದಲ ಮಾತು.

ಊಟಕ್ಕೆ ಕೂತಾಗ ಮಾತೆಲ್ಲ ಸೇಡವ್ವನದೇ. ಸಾಹೇಬರಿಗೆ ಹೇಳುವ ಕಲೆ ಗೊತ್ತಿತ್ತು. ಬಿದ್ದ ಕಥೆಯನ್ನು ಅವರೂ ಹೇಳಿದರು. ನಾನು ಹತ್ತು ಸಲ ಹಿಂದಿನ ಸೀಟಿನಿಂದ ಕೇಳಿದ ಕಥೆಯನ್ನು ಅಂದು ಮುಂದಿನ ಸೀಟಿನಿಂದ ಕೇಳಿದೆ. "ಅದರಂಥ ಹಲಕಟ್ ಎಂಜಿನ್ ನಾ ನೋಡಲಿಲ್ಲ, ವಹಿನಿ" ಎಂದು ಅತ್ತೆಗೆ ಹೇಳಿದರು. "ಛಲೋ ನಡದಿತ್ತು, ಒಮ್ಮೆಗೇ ಸತ್ತಹೋತು. ಈ ಬಸಪ್ಪ ಹಿಂದ ಕೂತಿದ್ದ. ಇವನ್ನ ಕೊಂದೆ ಅಂತ ಅನಕೊಂಡೆ."

"ನೀವು ಇಳಿಸಿದ್ದು ಮಾತ್ರ ಫಸ್ಟ್ ಕ್ಲಾಸ್ ರಿ ಸಾಹೇಬ್ರ" ಎಂದರು ಮಾವನವರು. "ಬ್ಯಾರೆ ಯಾರ ಆಗಿದ್ರೂ ನಾ ಇವತ್ತ ಹೋಳಿಗಿ ತಿಂತಿದ್ದಿಲ್ಲ."

ಸಾಹೇಬರು ಸ್ವಲ್ಪ ಹೊತ್ತು ಹೋಳಿಗೆ ಮುರಿದರು. "ಅವರು ನಿನ್ನ ಪಟ್ಟಿ ಮತ್ತ ಕೊಟ್ರೇನು, ಬಸಪ್ಪಾ?"

"ಇಲ್ರಿ. ಯುದ್ಧ ಮುಗದಹೋತು."

ಆಮೇಲೆ ಸಾಹೇಬರು ಕಥೆ ಹೇಳಲಿಲ್ಲ. ಹಾಕಿದ ಸಾರನ್ನೇ ಮತ್ತೆ ಮತ್ತೆ ಹಾಕಿಸಿಕೊಂಡರು. ಅತ್ತೆ ಅದನ್ನು ತಮ್ಮ ಸಾರಿನ ಹಿರಿಮೆ ಎಂದುಕೊಂಡರು.

ಸಂಜೆ ಟಾಂಗಾ ಸಿಗಲಿಲ್ಲ. ಗಾಡಿಯ ಹೊತ್ತಾಗುತ್ತಿತ್ತು. ಲೂನಾ ಇದೆ, ನಾನು ಬಿಟ್ಟು ಬರುತ್ತೇನೆ ಎಂದೆ. ಬೇರೆ ದಾರಿ ಇರಲಿಲ್ಲವಾದ್ದರಿಂದ ಎಲ್ಲರೂ ಒಪ್ಪಿದರು. ಮಾವನವರು ಮನೆಯ ಬಾಗಿಲಲ್ಲೇ ಸಾಹೇಬರ ಕೈ ಹಿಡಿದು ಬೀಳ್ಕೊಟ್ಟರು. ಸಾಹೇಬರು ನನ್ನ ಹಿಂದೆ ಕುಂಟು ಕಾಲನ್ನು ಪಕ್ಕಕ್ಕೆ ಚಾಚಿ ಕುಳಿತರು. ಆಕಾಶದಿಂದ ನೆಲಕ್ಕೆ ಧುಮುಕುತ್ತಿದ್ದ ಮನುಷ್ಯ ದಾರಿಯುದ್ದಕ್ಕೂ ನನ್ನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದರು. "ನಾ ಎಂದೂ ಹಿಂದ ಕೂತವನಲ್ಲ, ಬಾಳಾ" ಎಂದರು, ಮರಾಠಿಯವರು ಮಗುವನ್ನು ಕರೆಯುವಂತೆ ನನ್ನನ್ನು ಕರೆದು. "ಹಿಂದ ಕೂತ್ರ ಹಿಂಗ ಅನಸ್ತದ ಅಂತ ಗೊತ್ತಿರಲಿಲ್ಲ."

ಸ್ಟೇಷನ್ನಿನಲ್ಲಿ ಇಳಿಸಿ, ಹೊರಡಲು ನಾನು ಪೆಡಲು ತುಳಿದೆ. ಲೂನಾ ಚಾಲೂ ಆಗಲಿಲ್ಲ. ಮತ್ತೆ ತುಳಿದೆ. ನಿಲ್ಲಿಸಿದಾಗ ಪೆಟ್ರೋಲಿನ ಕಾಕು ಬಂದ್ ಮಾಡುವುದು ಮಾವನವರು ಕಲಿಸಿದ ಅಭ್ಯಾಸ. ಟಾಂಕಿಯಿಂದ ಪೆಟ್ರೋಲು ಇಳಿಯುವ ಆ ಸಣ್ಣ ತಿರುಪನ್ನು ಬಂದ್ ಮಾಡಿ ತೆರೆಯಲು ಮರೆತಿದ್ದೆ. ಸಾಹೇಬರು ಕೋಲು ಊರಿ ಬಗ್ಗಿ, ತಾವೇ ಅದನ್ನು ತಿರುಗಿಸಿದರು.

"ಮೊದಲು ಕಾಕ್ ನೋಡಬೇಕು, ಬಾಳಾ. ಮುಂದ ಕೂತಾವ ಅದನ್ನ ಮರತ್ರ, ಹಿಂದ ಕೂತಾವ ಅನುಭವಿಸ್ತಾನ."

ಆಯಿತೆಂದು ತಲೆಯಾಡಿಸಿದೆ. ಗಂಡಸರು ಹೆಂಗಸರಿಗೆ ಗಾಡಿಯ ವಿಷಯದಲ್ಲಿ ಕೊಡುವ ಉಪದೇಶಗಳಲ್ಲಿ ಇದೂ ಒಂದು ಎಂದುಕೊಂಡು ಮನೆಗೆ ಬಂದೆ.

ಮನೆಯಲ್ಲಿ ಮಾವನವರು ಪಡಸಾಲೆಯಲ್ಲಿ ಕುಳಿತಿದ್ದರು. ಅತ್ತೆ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ, "ಎಷ್ಟ ದೂರದಿಂದ ಬಂದ್ರಪಾ, ಒಂದು ಊಟಕ್ಕ" ಎಂದರು. ಮಾವನವರು ಯಾರಿಗೂ ಅಲ್ಲ ಎಂಬಂತೆ, "ಎಂಜಿನ್ ಚೊಲೋ ಇತ್ತು" ಎಂದರು.

ಯಾವ ಎಂಜಿನ್ನು ಎಂದು ನನಗೆ ತಿಳಿಯಲಿಲ್ಲ. ಲೂನಾದ್ದು ಇರಬೇಕೆಂದು, "ಹೌದ್ರಿ, ಚೊಲೋನ ಐತಿ" ಎಂದೆ.

"ಅಲ್ಲವಾ. ಅವತ್ತಿಂದು." ಅವರು ಮೆಲ್ಲಗೆ ಹೇಳತೊಡಗಿದರು. ಗದ್ದೆಯಲ್ಲಿ ವಿಮಾನ ನಿಂತ ಮೇಲೆ, ಬೆಂಕಿ ಹತ್ತಬಾರದೆಂದು ಅವರು ಮಾಡಿದ ಮೊದಲ ಕೆಲಸ ಮುಂದಿನ ಸೀಟಿನೊಳಗೆ ಕೈ ಚಾಚಿ ಪೆಟ್ರೋಲಿನ ಕಾಕನ್ನು ಬಂದ್ ಮಾಡಿದ್ದು. ವಿಮಾನಕ್ಕೆ ಬೇರೆ ಬೇರೆ ಟಾಂಕಿಗಳು. ಏಳುವ ಮುನ್ನ ಪೈಲಟ್ಟು ಕಾಕನ್ನು ತುಂಬಿದ ಟಾಂಕಿಗೆ ತಿರುಗಿಸಿಕೊಳ್ಳಬೇಕು. "ನಾ ಕೈ ಹಾಕಿದಾಗ ಅದು ಖಾಲಿ ಟಾಂಕಿಗೆ ಇತ್ತು. ಹುಡುಗ ತಿರಿಗಿಸೂದು ಮರತಿದ್ದ. ಎಂಜಿನ್ ಏನ್ ಮಾಡ್ತೈತಿ, ಕುಡಿಯಾಕ ಇಲ್ಲದ ನಿಂತ್ತು. ಬೆಂಕಿ ಹತ್ತಬಾರದಂದ್ರ ನಾ ಅದನ್ನ ಬಂದ್ ಮಾಡಬೇಕಿತ್ತು. ಮಾಡಿದೆ. ವಿಚಾರಣಿ ಒಳಗ ಕೇಳಿದ್ರು, ನೀ ಕೈ ಹಾಕಿದಾಗ ಕಾಕ್ ಎಲ್ಲಿತ್ತು ಅಂತ. ತುಂಬಿದ ಟಾಂಕಿಗೆ ಇತ್ತು ಅಂದೆ."

ಅತ್ತೆಯ ಕೈಯಲ್ಲಿ ಎಲೆ ಹಾಗೇ ಉಳಿಯಿತು. "ಯಾಕ್ರಿ?"

"ಇಪ್ಪತ್ತೊಂದರ ಹುಡುಗ. ನಾ ಖರೇ ಹೇಳಿದ್ರ ಅವನ ಜಲ್ಮ ಅಲ್ಲಿಗೇ ಮುಗೀತಿತ್ತು. ಮರತಾಂವನೂ ಅವನ, ನನ್ನ ಬದುಕಿಸಿದಾಂವನೂ ಅವನ. ಯಾವುದನ್ನ ಹೇಳ್ಲಿ? ಸೇಡವ್ವನ ಹೆಸರು ಮದಲಽ ಕೆಟ್ಟಿತ್ತು. ಹೆಸರು ಕೆಟ್ಟವರ ಮ್ಯಾಲ ಇನ್ನೊಂದು ಹೊರಿಸಿದ್ರ ಯಾರೂ ತಿರಿಗಿ ಕೇಳೂದಿಲ್ಲ. ನನ್ನ ಪಟ್ಟಿ ಹೋಗ್ತೈತಿ ಅಂತ ಮಾತ್ರ ಅವತ್ತ ಹೊಳಿಲಿಲ್ಲ." ಆಮೇಲೆ, "ಪಾಪ, ತಾ ಮರತದ್ದು ಅಂವಗ ಇವತ್ತಿಗೂ ಗೊತ್ತಿಲ್ಲ" ಎಂದರು.

ಸ್ಟೇಷನ್ನಿನ ಮಾತು ಆಗ ನನ್ನ ತಲೆಯಲ್ಲಿ ತಿರುಗಿತು. ಹೇಳಬೇಕೋ ಬೇಡವೋ ಎಂದು ಯೋಚಿಸಿದೆ ಎಂದು ಬರೆದರೆ ಚೆಂದ ಕಾಣುತ್ತಿತ್ತು. ಯೋಚಿಸಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ಗೊತ್ತೈತ್ರಿ ಮಾವಾರ. ಅವರಿಗೆ ಗೊತ್ತೈತಿ." ಸಾಹೇಬರು ಕಾಕು ತಿರುಗಿಸಿದ್ದು, ಆಡಿದ ಮಾತು ಎಲ್ಲವನ್ನೂ ಹೇಳಿದೆ.

ಮಾವನವರು ಎದ್ದು ನಿಂತರು, ಮತ್ತೆ ಕುಳಿತರು. "ಮತ್ತ ನನಗ ಯಾಕ ಹೇಳಲಿಲ್ಲಂವ? ಊಟಕ್ಕ ಕುಂತಾಗ ಎಂಜಿನ್ನಿಗೆ ಬೈದ್ನಲ್ಲ."

"ನೀವೂ ಬೈದ್ರಿ" ಎಂದರು ಅತ್ತೆ. "ಇಬ್ಬರೂ ಕೂಡಿ ಇಷ್ಟು ವರ್ಷ ಅದಕ್ಕ ಬೈದ್ರಿ. ಅದಕ್ಕ ಬಾಯಿ ಇಲ್ಲಲ್ಲ."

ಅಂಗಡಿಯ ಕಟ್ಟೆಯ ಮೇಲೆ ಆಮೇಲೂ ಸೇಡವ್ವನ ಕಥೆಗಳು ನಡೆದವು. ಎಣ್ಣೆ ಕುಡಿದದ್ದು, ಉಗುಳಿದ್ದು, ಸೊಳ್ಳೆ ಔಷಧಿ ಸಿಂಪಡಿಸಿದ್ದು, ಎಲ್ಲ. ತಾವು ಬಿದ್ದ ಕಥೆಯನ್ನು ಮಾತ್ರ ಹೇಳುವುದು ಬಿಟ್ಟರು. ಯಾರಾದರೂ ಒತ್ತಾಯಿಸಿದರೆ, "ಅಕಿ ಮಾಡಿದ್ದಽ ಹೇಳಾಕ ಮುಗಿವಲ್ದು, ಮಾಡದ್ದು ಯಾಕ?" ಎನ್ನುತ್ತಿದ್ದರು. ಕೇಳಿದವರಿಗೆ ಅರ್ಥವಾಗುತ್ತಿರಲಿಲ್ಲ. ವಯಸ್ಸಾಯಿತು ಎಂದುಕೊಳ್ಳುತ್ತಿದ್ದರು.

ಕೆಲವು ತಿಂಗಳಾದ ಮೇಲೆ ಅವರು ಬೆಳಗಾವಿಗೆ ಹೊರಟರು. ಯಾಕೆಂದು ನಾವು ಕೇಳಲಿಲ್ಲ. ಎರಡು ದಿನ ಅಲ್ಲಿದ್ದು ಬಂದರು. ಚಹಾ ಕೊಟ್ಟು ಹತ್ತಿರ ಕುಳಿತೆ.

"ಹೇಳಿದ್ರೇನ್ರಿ?"

"ಇಲ್ಲವಾ."

"ಅವರು?"

"ಅಂವನೂ ಹೇಳಲಿಲ್ಲ. ಇಸ್ಪೀಟ ಆಡಿದ್ವಿ. ಚಾ ಕುಡದ್ವಿ. ಅವನ ಮಗಳು ಚಲೋ ಪೋಹೆ ಮಾಡ್ತಾಳ." ಚಹಾ ಆರಿಸಿಕೊಂಡು ಕುಡಿದರು. "ಬರೂ ಮುಂದ ಕಾರಿನಾಗ ಸ್ಟೇಷನ್ನಿಗೆ ಬಿಟ್ಟ. ಈ ವಯಸ್ಸಿನ್ಯಾಗೂ ತಾನ ಹೊಡೀತಾನ, ಕಾಲು ಹಂತಾದಿದ್ರೂ. ಮುಂದ ಕುಂದ್ರು, ಬಸಪ್ಪಾ ಅಂದ. ಬ್ಯಾಡ್ರಿ ಅಂದೆ. ಹಿಂದ ಕುಂತೆ."

"ಅದಕ್ಕ ಅವರೇನಂದ್ರು?"

"ಕನ್ನಡಿ ಒಳಗ ನನ್ನ ನೋಡಿದ. ಆಮ್ಯಾಲ ಗಾಡಿ ಚಾಲೂ ಮಾಡಿದ. ಭಾಳ ಸಾವಕಾಶ ಹೊಡದಾ."

ಅಷ್ಟೇ ಅವರ ನಡುವೆ ನಡೆದದ್ದು. ಮೊದಲು ಸಾಹೇಬರು ಹೋದರು, ಕೆಲವು ವರ್ಷಗಳ ಮೇಲೆ ಮಾವನವರು, ಅವರ ಹಿಂದೆ ಅತ್ತೆ. ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲು ಮಾರುತ್ತಾರೆ.

ಗ್ಯಾರೇಜಿನಲ್ಲಿ ಕುಳಿತು ಇದೆಲ್ಲ ನೆನಪಾದ ವಾರದಲ್ಲೇ ಹಾವೇರಿಯ ಒಂದು ಕಾಲೇಜಿನಿಂದ ಇತಿಹಾಸ ಕಲಿಸುವ ಹುಡುಗಿಯೊಬ್ಬಳು ಮನೆಗೆ ಬಂದಳು. ನಮ್ಮ ಜಿಲ್ಲೆಯಿಂದ ಆ ಯುದ್ಧಕ್ಕೆ ಹೋದವರ ಬಗ್ಗೆ ಬರೆಯುತ್ತಿದ್ದಾಳಂತೆ. ಚುರುಕು ಹುಡುಗಿ. ಸೇಡವ್ವನ ಬಗ್ಗೆ ನನಗಿಂತ ಹೆಚ್ಚು ಓದಿಕೊಂಡಿದ್ದಳು. ಎಲ್ಲಿ ಬಿದ್ದಳು, ಹೇಗೆ ಬಿದ್ದಳು, ಎಲ್ಲ ನಾಲಿಗೆಯ ತುದಿಯಲ್ಲಿತ್ತು. "ಇಷ್ಟು ಅಪಘಾತ ಮಾಡಿದ ವಿಮಾನ ಭಾಳ ಕಡಿಮಿ, ಮೇಡಮ್. ನಿಮ್ಮ ಮಾವಾರು ಬಿದ್ದದ್ದೂ ಎಂಜಿನ್ ಕೆಟ್ಟು ಅಂತ ಊರಾಗ ಹಿರಿಯಾರು ಹೇಳಿದ್ರು. ಹಂಗ ಬರೀಲೇನ್ರಿ?"

ಇಬ್ಬರ ಕಡೆಯಿಂದಲೂ ಯೋಚಿಸಿದೆ. ಸಾಹೇಬರ ಪೋಹೆ ಮಾಡುವ ಮಗಳು ಎಲ್ಲಿಯೋ ಇರಬಹುದು. ಅವಳು ಅಪ್ಪನ ಶಾಬಾಸ್‌ಗಿರಿಯ ಪತ್ರವನ್ನು ಗೋಡೆಗೆ ಹಾಕಿರಬಹುದು. ನನ್ನ ಮಾವನವರ ಮಾತನ್ನು ಸುಳ್ಳು ಎಂದು ಪುಸ್ತಕದಲ್ಲಿ ಓದುವುದು ನನಗೂ ಬೇಡವಾಗಿತ್ತು. ಇನ್ನು ಉಳಿದವಳು ಸೇಡವ್ವ. ಅವಳ ಕಡೆಯವರು ಎಂದು ಈ ಜಿಲ್ಲೆಯಲ್ಲಿ ಯಾರಾದರೂ ಇದ್ದರೆ ನಾನೊಬ್ಬಳೇ.

"ಎಂಜಿನ್ ಕೆಟ್ಟು ಅಂತ ಬರೀಬ್ಯಾಡವಾ" ಎಂದೆ.

"ಮತ್ತ ಪೈಲಟ್ ತಪ್ಪೇನ್ರಿ?"

"ಅದೂ ಬ್ಯಾಡ."

"ಫಿಟ್ಟರ್..." ಎಂದು ಆಕೆ ಸಂಕೋಚದಿಂದ ಅರ್ಧಕ್ಕೆ ನಿಲ್ಲಿಸಿದಳು.

"ಅದಂತೂ ಬ್ಯಾಡ."

"ಏನರ ಬರೀಬೇಕಲ್ರಿ ಮೇಡಮ್. ಬಿದ್ದದ್ದಂತೂ ಖರೇ."

"ಬಿದ್ದದ್ದು ಖರೇ. ಇಬ್ಬರೂ ಬದುಕಿದ್ರು ಅಂತ ಬರಿ. ಕಾರಣದ ಜಾಗಾ ಖಾಲಿ ಬಿಡು."

ಮೂವತ್ತಕ್ಕೂ ಮಿಕ್ಕಿದ ವರ್ಷ ಮಕ್ಕಳ ಉತ್ತರ ಪತ್ರಿಕೆಗಳಲ್ಲಿ ಖಾಲಿ ಜಾಗ ಕಂಡರೆ ಕೆಂಪು ಶಾಯಿಯಿಂದ ಸುತ್ತು ಹಾಕಿ ಬೈದವಳು ನಾನು. ಆಕೆ ನನ್ನ ಮುಖವನ್ನೊಮ್ಮೆ ನೋಡಿದಳು. ನಾನು ಹೇಳಿದಷ್ಟನ್ನೇ ಬರೆದುಕೊಂಡು, ಮುಂದಿನ ಸಾಲನ್ನು ಬಿಟ್ಟು, ಅದರ ಕೆಳಗೆ ಬೇರೆ ಪ್ರಶ್ನೆ ಶುರು ಮಾಡಿದಳು.